ಸೇನಾ ಅಕಾಡೆಮಿಯನ್ನೇ ಮಣಿಸಿದ ಮೂಲನಿವಾಸಿ ಹುಡುಗರು: ಏನಿದು 1912ರ ಕಾರ್ಲೈಲ್ ಫುಟ್‌ಬಾಲ್ ತಂಡದ ಕಥೆ?

ಹೈದರಾಬಾದ್: 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಮರಳುತ್ತಿರುವುದು ಭಾರತದ ಅಭಿಮಾನಿಗಳಿಗೆಲ್ಲ ಗೊತ್ತು. 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಕ್ರಿಕೆಟ್ ಜೊತೆಗೆ ಇನ್ನೂ ಕೆಲವು ಆಟಗಳಿಗೆ ಒಪ್ಪಿಗೆ ನೀಡಿತ್ತು. ಅದರಲ್ಲಿ ಒಂದು ಫ್ಲ್ಯಾಗ್ ಫುಟ್‌ಬಾಲ್. ಎದುರಾಳಿಯನ್ನು ಕೆಡವದೆ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತು ತಡೆಯುವ ಅಮೆರಿಕನ್ ಫುಟ್‌ಬಾಲ್‌ನ ರೂಪವಿದು.

ಈ ಆಟ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಆದರೆ ಇದರ ಇತಿಹಾಸದಲ್ಲಿ ಎಲ್ಲರೂ ತಿಳಿಯಬೇಕಾದ ಒಂದು ಅಧ್ಯಾಯವಿದೆ. ತಮ್ಮ ಭಾಷೆ, ಹೆಸರು, ಉಡುಗೆ ಎಲ್ಲವನ್ನೂ ಮರೆಸಲೆಂದೇ ಕಟ್ಟಿದ ಶಾಲೆಯೊಂದರ ಹುಡುಗರು 1912ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಕಾಲೇಜು ತಂಡಗಳನ್ನು ಸೋಲಿಸಿದ್ದರು. ಅವರ ನಾಯಕ ಆಗಷ್ಟೇ ಎರಡು ಒಲಿಂಪಿಕ್ಸ್ ಚಿನ್ನ ಗೆದ್ದು ಬಂದಿದ್ದ ಜಿಮ್ ಥಾರ್ಪ್. ಆದರೆ ಋತು ಮುಗಿದ ಎರಡೇ ತಿಂಗಳಲ್ಲಿ ಅವರ ಪದಕಗಳನ್ನು ಕಿತ್ತುಕೊಳ್ಳಲಾಯಿತು. ಆ ತಪ್ಪು ಪೂರ್ತಿಯಾಗಿ ಸರಿಯಾಗಲು 109 ವರ್ಷ ಬೇಕಾಯಿತು.

ಏನಿದು ಕಾರ್ಲೈಲ್ ಶಾಲೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಪಟ್ಟಣದಲ್ಲಿ 1879ರಲ್ಲಿ ಈ ವಸತಿ ಶಾಲೆ ಆರಂಭವಾಯಿತು. ಹಳೆಯ ಸೇನಾ ಬ್ಯಾರಕ್‌ಗಳೇ ಅದರ ಕಟ್ಟಡಗಳು. ಸ್ಥಾಪಕ ರಿಚರ್ಡ್ ಹೆನ್ರಿ ಪ್ರಾಟ್ ಸೇನೆಯ ಕ್ಯಾಪ್ಟನ್. ಮೂಲನಿವಾಸಿಗಳ ವಿರುದ್ಧ ಯುದ್ಧ ಮಾಡಿದ್ದ, ಬಳಿಕ ಅವರ ಕೈದಿಗಳನ್ನು ಫ್ಲೋರಿಡಾದ ಕೋಟೆಯೊಂದರಲ್ಲಿ ನೋಡಿಕೊಂಡಿದ್ದ ವ್ಯಕ್ತಿ. ನಾವು ಹಿಂದೆ 'ರೆಡ್ ಇಂಡಿಯನ್ನರು' ಎಂದು ಪಠ್ಯಪುಸ್ತಕಗಳಲ್ಲಿ ಓದುತ್ತಿದ್ದ ಸಮುದಾಯಗಳ ಮಕ್ಕಳಿಗಾಗಿ ಈ ಶಾಲೆ.

ಇಲ್ಲಿಗೆ 140ಕ್ಕೂ ಹೆಚ್ಚು ಬುಡಕಟ್ಟುಗಳ ಸಾವಿರಾರು ಮಕ್ಕಳನ್ನು ಕರೆತರಲಾಯಿತು. ಬಂದ ಕೂಡಲೇ ಉದ್ದ ಕೂದಲು ಕತ್ತರಿಸಲಾಗುತ್ತಿತ್ತು. ತಮ್ಮ ಉಡುಗೆಯ ಬದಲು ಸೈನಿಕರಂಥ ಸಮವಸ್ತ್ರ, ತಮ್ಮ ಹೆಸರಿನ ಬದಲು ಇಂಗ್ಲಿಷ್ ಹೆಸರು. ಮಾತೃಭಾಷೆಯಲ್ಲಿ ಮಾತನಾಡುವಂತಿರಲಿಲ್ಲ. ಅರ್ಧ ದಿನ ಪಾಠ, ಅರ್ಧ ದಿನ ಬಡಗಿ, ಕಮ್ಮಾರ, ಹೊಲಿಗೆಯಂಥ ಕೆಲಸ. ರಜೆಯಲ್ಲೂ ಎಷ್ಟೋ ಮಕ್ಕಳನ್ನು ಮನೆಗೆ ಬಿಡದೆ ಬಿಳಿಯರ ಹೊಲ-ಮನೆಗಳಿಗೆ ದುಡಿಯಲು ಕಳುಹಿಸಲಾಗುತ್ತಿತ್ತು. ಒಬ್ಬ ವ್ಯಕ್ತಿಯೊಳಗಿನ 'ಇಂಡಿಯನ್'ನನ್ನು ಕೊಂದು ಮನುಷ್ಯನನ್ನು ಉಳಿಸಬೇಕು ಎಂಬುದು 1892ರ ಭಾಷಣದಲ್ಲಿ ಪ್ರಾಟ್ ಮಂಡಿಸಿದ ವಾದ.

ಇಂಥ ಆಲೋಚನೆ ನಮಗೂ ಹೊಸದೇನಲ್ಲ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಗುರುತಿಸಿತ್ತು. ಆಗಿನ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥ ಕುಟುಂಬಗಳನ್ನು 'ಸುಧಾರಿಸಲು' ವಸಾಹತುಗಳನ್ನು ತೆರೆಯಲಾಗಿತ್ತು. 1952ರಲ್ಲಿ ಆ ಕಾಯ್ದೆ ಹೋಯಿತು. ಆದರೆ ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಎಂಬ ಹೆಸರು ಇನ್ನೂ ಉಳಿದಿದೆ. ಕಾರ್ಲೈಲ್ ಇದೇ ಕಾಲದ, ಇದೇ ಬಗೆಯ ಆಲೋಚನೆಯ ಅಮೆರಿಕದ ರೂಪ.

ಇಂಥ ಶಾಲೆಗೆ ಫುಟ್‌ಬಾಲ್ ಬಂದಿದ್ದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚು. ತಂಡಕ್ಕೆ 11 ಆಟಗಾರರು. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವಬೇಕು. ಕಬಡ್ಡಿಯಲ್ಲಿ ರೈಡರ್ ಹಿಡಿತ ಬಿಡಿಸಿಕೊಂಡು ಮಧ್ಯದ ಗೆರೆ ಮುಟ್ಟಲು ಹೆಣಗುವುದನ್ನು ನೆನಪಿಸಿಕೊಂಡರೆ ಆಟದ ಜೀವಾಳ ಅರ್ಥವಾಗುತ್ತದೆ. ಇಲ್ಲಿ ಮುಟ್ಟಬೇಕಿರುವುದು ಎದುರಾಳಿಯ ತುದಿಯ ಗೆರೆಯನ್ನು. ಅದನ್ನು ದಾಟಿದರೆ 'ಟಚ್‌ಡೌನ್'.

ಆ ಕಾಲದಲ್ಲಿ ಇದು ಅಪಾಯಕಾರಿ ಆಟವಾಗಿತ್ತು. ಆಟಗಾರನೊಬ್ಬನ ಕಾಲು ಮುರಿದಿದ್ದರಿಂದ ಹೊರಗಿನ ತಂಡಗಳ ಜೊತೆ ಆಡುವುದನ್ನು ಪ್ರಾಟ್ 1890ರ ದಶಕದ ಆರಂಭದಲ್ಲಿ ನಿಷೇಧಿಸಿದ್ದರು. ಹುಡುಗರು ಗುಂಪಾಗಿ ಬಂದು ಅನುಮತಿಗಾಗಿ ವಾದಿಸಿದರು. ಪ್ರಾಟ್ ಎರಡು ಷರತ್ತು ಹಾಕಿ ಒಪ್ಪಿದರು. ಎದುರಾಳಿ ಹೊಡೆದರೂ ತಿರುಗಿ ಹೊಡೆಯಬಾರದು ಎಂಬುದು ಮೊದಲನೆಯದು. ಕೆಲವೇ ವರ್ಷಗಳಲ್ಲಿ ದೇಶದ ಅತ್ಯುತ್ತಮ ತಂಡವನ್ನು ಸೋಲಿಸಬೇಕು ಎಂಬುದು ಎರಡನೆಯದು.

1899ರಲ್ಲಿ 'ಪಾಪ್' ವಾರ್ನರ್ ಎಂದೇ ಹೆಸರಾದ ಗ್ಲೆನ್ ವಾರ್ನರ್ ತರಬೇತುದಾರರಾಗಿ ಬಂದರು. ನಡುವೆ ಕೆಲ ವರ್ಷ ಬೇರೆಡೆ ಹೋಗಿ 1907ರಲ್ಲಿ ಮರಳಿದರು. ಕಾರ್ಲೈಲ್ ಹೆಸರಿಗೆ ಕಾಲೇಜಾಗಿರಲಿಲ್ಲ, ಕೈಗಾರಿಕಾ ತರಬೇತಿ ಶಾಲೆ. ಆದರೂ ಹಾರ್ವರ್ಡ್, ಪೆನ್ಸಿಲ್ವೇನಿಯಾದಂಥ ವಿಶ್ವವಿದ್ಯಾಲಯಗಳ ತಂಡಗಳ ಎದುರು ಆಡುತ್ತಿತ್ತು. ದೊಡ್ಡ ಊರುಗಳಲ್ಲಿ ಜನ ಹೆಚ್ಚು ಸೇರುತ್ತಿದ್ದರಿಂದ, ಟಿಕೆಟ್ ಹಣಕ್ಕಾಗಿ ಮುಖ್ಯ ಪಂದ್ಯಗಳನ್ನೆಲ್ಲ ರೈಲಿನಲ್ಲಿ ಹೋಗಿ ಹೊರಗೇ ಆಡಬೇಕಿತ್ತು.

ನಿಯಮ ಬದಲಾಯಿತು, ಅದೃಷ್ಟವೂ ಬದಲಾಯಿತು

1905ರ ಋತುವಿನಲ್ಲಿ ಅಮೆರಿಕದಾದ್ಯಂತ ಈ ಆಟವಾಡುತ್ತಾ 18 ಮಂದಿ ಸತ್ತರೆಂದು ಪತ್ರಿಕೆಗಳು ಲೆಕ್ಕ ಹಾಕಿದ್ದವು. ಆಟಗಾರರೆಲ್ಲ ಒಂದೇ ರಾಶಿಯಾಗಿ ನುಗ್ಗುವುದೇ ಇದಕ್ಕೆ ಮುಖ್ಯ ಕಾರಣ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ಸೂಚಿಸಿದರು.

1906ರಲ್ಲಿ ಹೊಸ ನಿಯಮಗಳು ಬಂದವು. ಚೆಂಡನ್ನು ಮುಂದಕ್ಕೆ ಎಸೆಯಲು ಮೊದಲ ಬಾರಿಗೆ ಅನುಮತಿ ಸಿಕ್ಕಿತು. ದೇಹದ ತೂಕಕ್ಕಿಂತ ವೇಗ, ಚುರುಕು, ಉಪಾಯಕ್ಕೆ ಬೆಲೆ ಬಂತು. ಕಾರ್ಲೈಲ್ ಹುಡುಗರು ಎದುರಾಳಿಗಳಿಗಿಂತ ಹಗುರ. ಹಾಗಾಗಿ ಈ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಚೆನ್ನಾಗಿ ಬಳಸಿಕೊಂಡವರ ಸಾಲಿನಲ್ಲಿ ಅವರಿದ್ದರು. 1907ರಲ್ಲಿ ಎಸೆತದ ಆಟವಾಡಿ ಪೆನ್ಸಿಲ್ವೇನಿಯಾ ತಂಡವನ್ನು 26-6ರಿಂದ ಸೋಲಿಸಿದ್ದು ಇದಕ್ಕೆ ಸಾಕ್ಷಿ.

1912ರಲ್ಲಿ ಮತ್ತೊಂದು ಸುತ್ತಿನ ಬದಲಾವಣೆ ಆಯಿತು. ಇಂದಿಗೂ ಉಳಿದಿರುವ ಹಲವು ನಿಯಮಗಳು ಆಗಿನವೇ:

- 10 ಗಜ ಮುಂದೆ ಸಾಗಲು ಮೂರರ ಬದಲು ನಾಲ್ಕು ಅವಕಾಶ
- ಟಚ್‌ಡೌನ್‌ಗೆ 5ರ ಬದಲು 6 ಅಂಕ
- ಮೈದಾನದ ಉದ್ದ 100 ಗಜ, ಎರಡೂ ತುದಿಯಲ್ಲಿ 10 ಗಜದ ವಲಯ
- ಚೆಂಡು ಎಸೆಯುವ ದೂರಕ್ಕಿದ್ದ ಮಿತಿ ರದ್ದು

ಯಾರು ಈ ಜಿಮ್ ಥಾರ್ಪ್?

ಈಗಿನ ಓಕ್ಲಹೋಮಾ ರಾಜ್ಯದಲ್ಲಿ ಜನಿಸಿದ ಥಾರ್ಪ್ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವರು. ಅವರ ಬುಡಕಟ್ಟಿನ ಹೆಸರು 'ವಾ-ಥೋ-ಹಕ್'. 'ಬೆಳಗುವ ದಾರಿ' ಎಂದು ಅದನ್ನು ಅರ್ಥೈಸಲಾಗುತ್ತದೆ. ಅವಳಿ ಸಹೋದರ ಚಾರ್ಲಿ ಬಾಲ್ಯದಲ್ಲೇ ತೀರಿಕೊಂಡಿದ್ದ. 1904ರಲ್ಲಿ ಕಾರ್ಲೈಲ್ ಸೇರಿದ ಥಾರ್ಪ್ ನಡುವೆ ಶಾಲೆ ಬಿಟ್ಟು 1911ರಲ್ಲಿ ಮರಳಿದರು. ಆ ವರ್ಷ ಹಾರ್ವರ್ಡ್ ವಿರುದ್ಧ ಕಾರ್ಲೈಲ್ 18-15ರಿಂದ ಗೆದ್ದಾಗ ನಾಲ್ಕು ಫೀಲ್ಡ್ ಗೋಲ್ ಹೊಡೆದವರು ಅವರೇ.

1912ರ ಬೇಸಿಗೆಯಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಥಾರ್ಪ್ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಜೋಡಿಯಲ್ಲದ ಎರಡು ಬೂಟು ತೊಟ್ಟು ನಿಂತ ಅವರ ಅಲ್ಲಿನ ಚಿತ್ರ ಇಂದಿಗೂ ಪ್ರಸಿದ್ಧ. ಅದೇ ಕೂಟದಲ್ಲಿ ಕಾರ್ಲೈಲ್‌ನ ಮತ್ತೊಬ್ಬ ವಿದ್ಯಾರ್ಥಿ, ಹೋಪಿ ಬುಡಕಟ್ಟಿನ ಲೂಯಿಸ್ ಟೆವಾನಿಮಾ 10,000 ಮೀಟರ್ ಓಟದಲ್ಲಿ ಬೆಳ್ಳಿ ಪಡೆದರು. ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸಲು ಹೋಪಿಗಳು ವಿರೋಧಿಸಿದಾಗ ಸೈನಿಕರು ಹಿಡಿದು ತಂದವರಲ್ಲಿ ಟೆವಾನಿಮಾ ಕೂಡ ಒಬ್ಬರಾಗಿದ್ದರು ಎಂಬುದು ಗಮನಾರ್ಹ.

10 ವಾರ, 14 ಪಂದ್ಯ, 504 ಅಂಕ

ಒಲಿಂಪಿಕ್ಸ್ ಸಂಭ್ರಮ ಮುಗಿಯುತ್ತಿದ್ದಂತೆ ಫುಟ್‌ಬಾಲ್ ಋತು ಶುರುವಾಯಿತು. ಥಾರ್ಪ್ ನಾಯಕ. ಗಸ್ ವೆಲ್ಚ್ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಜೊತೆಗೆ ಜೋ ಗಯಾನ್, ಅಲೆಕ್ಸ್ ಅರ್ಕಾಸಾ, ಜೋ ಬರ್ಗಿ, ಸ್ಟಾನ್ಸಿಲ್ ಪೊವೆಲ್ ಮುಂತಾದವರು. ಬೇರೆ ಬೇರೆ ಬುಡಕಟ್ಟು, ಬೇರೆ ಬೇರೆ ಮನೆಮಾತಿನ ಹುಡುಗರ ತಂಡವದು.

ಸೆಪ್ಟೆಂಬರ್ 21ರಿಂದ ನವೆಂಬರ್ 28ರವರೆಗೆ ತಂಡ ಆಡಿದ ಪಂದ್ಯಗಳ ಫಲಿತಾಂಶ ಹೀಗಿದೆ:

- ಆಲ್‌ಬ್ರೈಟ್ ವಿರುದ್ಧ 50-7 ಗೆಲುವು
- ಲೆಬನಾನ್ ವ್ಯಾಲಿ ವಿರುದ್ಧ 45-0 ಗೆಲುವು
- ಡಿಕಿನ್ಸನ್ ವಿರುದ್ಧ 34-0 ಗೆಲುವು
- ವಿಲನೋವಾ ವಿರುದ್ಧ 65-0 ಗೆಲುವು
- ವಾಷಿಂಗ್ಟನ್ ಅಂಡ್ ಜೆಫರ್ಸನ್ ವಿರುದ್ಧ 0-0 ಸಮ
- ಸಿರಾಕ್ಯೂಸ್ ವಿರುದ್ಧ 33-0 ಗೆಲುವು
- ಪಿಟ್ಸ್‌ಬರ್ಗ್ ವಿರುದ್ಧ 45-8 ಗೆಲುವು
- ಜಾರ್ಜ್‌ಟೌನ್ ವಿರುದ್ಧ 34-20 ಗೆಲುವು
- ಕೆನಡಾದ ಟೊರೊಂಟೊ ತಂಡದ ವಿರುದ್ಧ 49-1 ಗೆಲುವು
- ಲಿಹೈ ವಿರುದ್ಧ 34-14 ಗೆಲುವು
- ಸೇನಾ ಅಕಾಡೆಮಿ ವಿರುದ್ಧ 27-6 ಗೆಲುವು
- ಪೆನ್ಸಿಲ್ವೇನಿಯಾ ವಿರುದ್ಧ 26-34 ಸೋಲು
- ಸ್ಪ್ರಿಂಗ್‌ಫೀಲ್ಡ್ ವಿರುದ್ಧ 30-24 ಗೆಲುವು
- ಬ್ರೌನ್ ವಿರುದ್ಧ 32-0 ಗೆಲುವು

ಒಟ್ಟು 12 ಗೆಲುವು, 1 ಸೋಲು, 1 ಸಮ. ಗಳಿಸಿದ್ದು 504 ಅಂಕ, ಬಿಟ್ಟುಕೊಟ್ಟಿದ್ದು 114. ವಾಷಿಂಗ್ಟನ್‌ನಲ್ಲಿ ಜಾರ್ಜ್‌ಟೌನ್ ವಿರುದ್ಧ ಆಡಿದ ತಂಡ ಎರಡೇ ದಿನದಲ್ಲಿ ಗಡಿ ದಾಟಿ ಟೊರೊಂಟೊದಲ್ಲಿ ಕಣಕ್ಕಿಳಿದಿತ್ತು. ಆಗ ಅಧಿಕೃತ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇರಲಿಲ್ಲ. ಒಂದೂ ಪಂದ್ಯ ಸೋಲದ ಹಾರ್ವರ್ಡ್ ಆ ವರ್ಷದ ಅಗ್ರ ತಂಡಗಳಲ್ಲಿ ಒಂದೆನಿಸಿಕೊಂಡಿತು. ಆದರೆ ಜನರ ನೆನಪಿನಲ್ಲಿ ಉಳಿದಿದ್ದು ಕಾರ್ಲೈಲ್.

ವೆಸ್ಟ್ ಪಾಯಿಂಟ್‌ನಲ್ಲಿ ನಡೆದಿದ್ದೇನು?

ನವೆಂಬರ್ 9ರ ಪಂದ್ಯ ಎಲ್ಲಕ್ಕಿಂತ ಭಿನ್ನ. ಎದುರಾಳಿ ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿ. ಅಂದರೆ ಅಮೆರಿಕ ಸೇನೆಯ ಭಾವಿ ಅಧಿಕಾರಿಗಳು. ದಕ್ಷಿಣ ಡಕೋಟಾದ ವೂಂಡೆಡ್ ನೀ ಎಂಬಲ್ಲಿ ಅದೇ ಸೇನೆ ಮಹಿಳೆಯರು, ಮಕ್ಕಳೆನ್ನದೆ ನೂರಾರು ಲಕೋಟಾ ಜನರನ್ನು ಕೊಂದು ಆಗಿನ್ನೂ 22 ವರ್ಷವೂ ತುಂಬಿರಲಿಲ್ಲ. ಈ ಹುಡುಗರ ಅಪ್ಪಂದಿರ, ಅಜ್ಜಂದಿರ ಕಾಲದ ಯುದ್ಧವದು. ಪಂದ್ಯಕ್ಕೆ ಮುನ್ನ ವಾರ್ನರ್ ಆಟಗಾರರಿಗೆ ಇದನ್ನೇ ನೆನಪಿಸಿದರು ಎಂದು ಹೇಳಲಾಗುತ್ತದೆ.

ಅಂದು ಕಾರ್ಲೈಲ್ ಹೊಸ ವ್ಯೂಹವೊಂದನ್ನು ಹೂಡಿತು. ಚೆಂಡು ಒಯ್ಯುವ ಇಬ್ಬರನ್ನು ಸಾಲಿನ ಎರಡೂ ಅಂಚಿಗೆ ನಿಲ್ಲಿಸುವ ಈ ತಂತ್ರಕ್ಕೆ ಮುಂದೆ 'ಡಬಲ್ ವಿಂಗ್' ಎಂಬ ಹೆಸರು ಬಂತು. ಚೆಂಡು ಯಾವ ಕಡೆಯಿಂದ ಬರುತ್ತದೆ, ಓಡುತ್ತಾರೋ ಎಸೆಯುತ್ತಾರೋ ಎಂಬುದು ಎದುರಾಳಿಗೆ ತಿಳಿಯುವಂತಿರಲಿಲ್ಲ.

ಮೊದಲು ಅಂಕ ಗಳಿಸಿದ್ದು ಸೇನಾ ತಂಡವೇ. ಆದರೆ ಟಚ್‌ಡೌನ್ ಬಳಿಕದ ಹೆಚ್ಚುವರಿ ಒದೆತ ಗುರಿ ತಪ್ಪಿತು. ಅರ್ಧ ವಿರಾಮದ ಹೊತ್ತಿಗೆ ಕಾರ್ಲೈಲ್ 7-6ರಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಗಯಾನ್ ಮೇಲೆ ಎರಗಿದ ಸೇನಾ ತಂಡದ ನಾಯಕ ಲೀಲ್ಯಾಂಡ್ ಡೆವೋರ್ ಅವರನ್ನು ಹೊರಗೆ ಕಳುಹಿಸಲಾಯಿತು. ಬಳಿಕ ಪಂದ್ಯ ಪೂರ್ತಿ ಏಕಪಕ್ಷೀಯವಾಯಿತು. ಅರ್ಕಾಸಾ ಮೂರು, ಬರ್ಗಿ ಒಂದು ಟಚ್‌ಡೌನ್ ಗಳಿಸಿದರು. ಎಲ್ಲರೂ ಥಾರ್ಪ್ ಹಿಂದೆ ಬಿದ್ದಿದ್ದರೆ ಅಂಕಗಳು ಬೇರೆಯವರ ಕೈಯಿಂದ ಬಂದವು. ಅಂತಿಮ ಫಲಿತಾಂಶ 27-6.

ಥಾರ್ಪ್ ಅವರನ್ನು ತಡೆಯಲು ನುಗ್ಗಿ ಜೊತೆಗಾರನಿಗೇ ಡಿಕ್ಕಿ ಹೊಡೆದ ಸೇನಾ ತಂಡದ ಆಟಗಾರರೊಬ್ಬರಿದ್ದರು. ಅವರ ಹೆಸರು ಡ್ವೈಟ್ ಐಸೆನ್‌ಹೋವರ್. ಮುಂದೆ ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ದಂಡನಾಯಕರಾಗಿ, ನಂತರ ಅಮೆರಿಕದ ಅಧ್ಯಕ್ಷರಾದವರು. 1959ರಲ್ಲಿ ಭಾರತಕ್ಕೆ ಬಂದ ಮೊದಲ ಹಾಲಿ ಅಮೆರಿಕ ಅಧ್ಯಕ್ಷರೂ ಇವರೇ. ಮರುವಾರದ ಪಂದ್ಯದಲ್ಲಿ ಮೊಣಕಾಲಿಗೆ ಬಿದ್ದ ಪೆಟ್ಟು ಅವರ ಫುಟ್‌ಬಾಲ್ ಆಟವನ್ನೇ ಮುಗಿಸಿತು.

ಕಿತ್ತುಕೊಂಡ ಪದಕ

1913ರ ಜನವರಿಯಲ್ಲಿ ಪತ್ರಿಕೆಯೊಂದು ವರದಿ ಪ್ರಕಟಿಸಿತು. ಥಾರ್ಪ್ 1909 ಮತ್ತು 1910ರ ಬೇಸಿಗೆಯಲ್ಲಿ ಉತ್ತರ ಕೆರೊಲಿನಾದಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು ಎಂಬುದೇ ಆ ವರದಿ. ಆಗ ಒಲಿಂಪಿಕ್ಸ್ ಹವ್ಯಾಸಿ ಕ್ರೀಡಾಪಟುಗಳಿಗೆ ಮಾತ್ರ ಮೀಸಲು. ಯಾವುದೇ ಆಟಕ್ಕೆ ಹಣ ಪಡೆದವರು ಅನರ್ಹರು.

ಥಾರ್ಪ್ ಸುಳ್ಳು ಹೇಳಲಿಲ್ಲ. ಆಡಿದ್ದು ನಿಜ, ತಾನೊಬ್ಬ ಇಂಡಿಯನ್ ಶಾಲೆಯ ಹುಡುಗ, ಇಂಥ ನಿಯಮಗಳು ತನಗೆ ತಿಳಿದಿರಲಿಲ್ಲ ಎಂದು ಕ್ರೀಡಾ ಒಕ್ಕೂಟಕ್ಕೆ ಪತ್ರ ಬರೆದರು. ಬೇಸಿಗೆಯಲ್ಲಿ ಹೀಗೆ ಆಡುತ್ತಿದ್ದ ಎಷ್ಟೋ ಕಾಲೇಜು ಹುಡುಗರು ಸುಳ್ಳು ಹೆಸರು ಬಳಸುತ್ತಿದ್ದರು, ತಾನು ಸ್ವಂತ ಹೆಸರಿನಲ್ಲೇ ಆಡಿದ್ದೆ ಎಂಬುದನ್ನೂ ತಿಳಿಸಿದರು. ವಾರ್ನರ್ ಮತ್ತು ಶಾಲೆಯ ಮುಖ್ಯಸ್ಥ ಮೋಸೆಸ್ ಫ್ರೀಡ್‌ಮನ್ ತಮಗೆ ಏನೂ ತಿಳಿದಿರಲಿಲ್ಲ ಎಂದರು.

ಅಸಲಿಗೆ ಸ್ಟಾಕ್‌ಹೋಮ್ ಒಲಿಂಪಿಕ್ಸ್ ನಿಯಮದ ಪ್ರಕಾರ ಆಕ್ಷೇಪಣೆಯನ್ನು 30 ದಿನದೊಳಗೆ ಸಲ್ಲಿಸಬೇಕಿತ್ತು. ಆರು ತಿಂಗಳು ಕಳೆದಿತ್ತು. ಆದರೂ ಪದಕಗಳು ಹೋದವು, ದಾಖಲೆಯಿಂದ ಹೆಸರೂ ಹೋಯಿತು. ನಿಯಮ ತಿಳಿಯದಿದ್ದುದಕ್ಕೆ ವಿದ್ಯಾರ್ಥಿಗೆ ಶಿಕ್ಷೆಯಾಯಿತು. ನಿಯಮ ಮಾಡಿದವರು ತಮ್ಮದೇ ನಿಯಮ ಮೀರಿದ್ದನ್ನು ಆಗ ಯಾರೂ ಪ್ರಶ್ನಿಸಲಿಲ್ಲ.

ಆಟದ ಹಣ ಎಲ್ಲಿಗೆ ಹೋಯಿತು?

ಪ್ರಶ್ನೆ ಎತ್ತಿದವರು ಆಟಗಾರರೇ. ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಮುಂದೆ ನಿಂತು ಶಾಲೆಯ ಪರಿಸ್ಥಿತಿ ಬಗ್ಗೆ ದೂರು ಅರ್ಜಿ ಸಿದ್ಧಪಡಿಸಿದರು. 200ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಹಿ ಹಾಕಿದರು. 1914ರಲ್ಲಿ ಅಮೆರಿಕ ಸಂಸತ್ತಿನ ಜಂಟಿ ಸಮಿತಿ ಕಾರ್ಲೈಲ್‌ಗೇ ಬಂದು ವಿಚಾರಣೆ ನಡೆಸಿತು. ಪಂದ್ಯಗಳಿಂದ ಬಂದ ಹಣವಿದ್ದ ಕ್ರೀಡಾ ನಿಧಿಯನ್ನು ಸರಿಯಾದ ಮೇಲ್ವಿಚಾರಣೆ ಇಲ್ಲದೆ ಖರ್ಚು ಮಾಡಿದ್ದು ಬಯಲಾಯಿತು. ವಾರ್ನರ್ ಆಟಗಾರರ ಜೊತೆ ಒರಟಾಗಿ ನಡೆದುಕೊಳ್ಳುತ್ತಿದ್ದರು ಎಂಬ ಹೇಳಿಕೆಗಳೂ ದಾಖಲಾದವು. ಫ್ರೀಡ್‌ಮನ್ ಹುದ್ದೆ ಕಳೆದುಕೊಂಡರು. 1914ರ ಋತುವಿನ ಬಳಿಕ ವಾರ್ನರ್ ಪಿಟ್ಸ್‌ಬರ್ಗ್‌ಗೆ ಹೋದರು.

1918ರಲ್ಲಿ ಶಾಲೆಯೇ ಮುಚ್ಚಿತು. ಕಟ್ಟಡಗಳು ಮತ್ತೆ ಸೇನೆಯ ವಶವಾದವು. ಇಂದು ಅಲ್ಲಿರುವುದು ಅಮೆರಿಕದ ಆರ್ಮಿ ವಾರ್ ಕಾಲೇಜ್. ಅಮೆರಿಕದ ಎಲ್ಲ ಮೂಲನಿವಾಸಿಗಳಿಗೆ ಪೌರತ್ವ ಸಿಕ್ಕಿದ್ದು 1924ರಲ್ಲಿ, ಅಂದರೆ ಥಾರ್ಪ್ ಆ ದೇಶಕ್ಕೆ ಚಿನ್ನ ತಂದ 12 ವರ್ಷಗಳ ನಂತರ.

ಈಗ ಏನಾಗಿದೆ?

ಥಾರ್ಪ್ ಮುಂದೆ ವೃತ್ತಿಪರ ಬೇಸ್‌ಬಾಲ್, ಫುಟ್‌ಬಾಲ್ ಎರಡನ್ನೂ ಆಡಿದರು. ಇಂದಿನ ಎನ್‌ಎಫ್‌ಎಲ್ ಆಗಿ ಬೆಳೆದ ಸಂಸ್ಥೆಗೆ 1920ರಲ್ಲಿ ಮೊದಲ ಅಧ್ಯಕ್ಷರಾದರು. 1953ರಲ್ಲಿ ನಿಧನರಾದಾಗ ಪದಕಗಳು ಅವರ ಬಳಿ ಇರಲಿಲ್ಲ. 30 ದಿನದ ನಿಯಮದ ವಿಷಯ ಮುಂದಿಟ್ಟು ಹೋರಾಡಿದ ಬಳಿಕ 1982ರಲ್ಲಿ ಒಲಿಂಪಿಕ್ ಸಮಿತಿ ಅವರನ್ನು 'ಜಂಟಿ ವಿಜೇತ' ಎಂದು ಒಪ್ಪಿಕೊಂಡಿತು. 1983ರ ಜನವರಿಯಲ್ಲಿ ಪದಕದ ಪ್ರತಿಕೃತಿಗಳು ಮಕ್ಕಳ ಕೈ ಸೇರಿದವು. 2022ರ ಜುಲೈ 15ರಂದು, ಎರಡೂ ಸ್ಪರ್ಧೆಗಳಿಗೆ ಥಾರ್ಪ್ ಒಬ್ಬರೇ ವಿಜೇತರು ಎಂದು ಸಮಿತಿ ಘೋಷಿಸಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಮರಣೋತ್ತರವಾಗಿ ಸಂದಿತು.

ಶಾಲೆಯ ಕಥೆ ಅಷ್ಟು ಸುಲಭಕ್ಕೆ ಮುಗಿಯುವಂಥದ್ದಲ್ಲ. ಕಾರ್ಲೈಲ್ ಮಾದರಿಯಾಗಿ ದೇಶದಾದ್ಯಂತ ಇಂಥ ಶಾಲೆಗಳು ಬೆಳೆದವು. ಈ ವ್ಯವಸ್ಥೆಯಲ್ಲಿ ಕನಿಷ್ಠ 973 ಮಕ್ಕಳು ಸತ್ತಿದ್ದಾರೆ ಎಂದು ಅಮೆರಿಕದ ಒಳಾಡಳಿತ ಇಲಾಖೆ 2024ರ ವರದಿಯಲ್ಲಿ ಹೇಳಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜೋ ಬೈಡನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಡಿಸೆಂಬರ್‌ನಲ್ಲಿ ಕಾರ್ಲೈಲ್ ಶಾಲೆಯ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಅಲ್ಲಿನ ಸ್ಮಶಾನದಲ್ಲಿರುವ ಮಕ್ಕಳ ಅವಶೇಷಗಳನ್ನು ಹೊರತೆಗೆದು ಅವರವರ ಸಮುದಾಯಗಳಿಗೆ ಒಪ್ಪಿಸುವ ಕೆಲಸವನ್ನು ಸೇನೆ 2017ರಲ್ಲಿ ಆರಂಭಿಸಿದೆ.

1912ರ ಋತುವನ್ನು ಇಂದು ಬರೀ ಗೆಲುವಿನ ಕಥೆಯಾಗಿ ನೋಡಿದರೆ ಅರ್ಧ ಸತ್ಯ ಮಾತ್ರ ಕಾಣುತ್ತದೆ. ಮೈದಾನದ ಗೆರೆಯೊಳಗೆ ಇಬ್ಬರಿಗೂ ಒಂದೇ ನಿಯಮವಿತ್ತು. ಹತ್ತು ಗಜಕ್ಕೆ ನಾಲ್ಕು ಅವಕಾಶ ಸೇನಾ ಅಕಾಡೆಮಿಗೂ ಇತ್ತು, ಕಾರ್ಲೈಲ್‌ಗೂ ಇತ್ತು. ಅಲ್ಲಿ ಆ ಹುಡುಗರು ಗೆದ್ದರು. ಗೆರೆಯ ಹೊರಗೆ ನಿಯಮ ಒಂದೇ ಆಗಿರಲಿಲ್ಲ. 30 ದಿನದ ಆ ಒಂದು ಸಾಲನ್ನು ಥಾರ್ಪ್ ಅವರಿಗೂ ಅನ್ವಯಿಸಿ ಪೂರ್ತಿ ನ್ಯಾಯ ಕೊಡುವ ಹೊತ್ತಿಗೆ ಅವರು ತೀರಿಕೊಂಡು 69 ವರ್ಷಗಳಾಗಿದ್ದವು.